ಇಂಗ್ಲಿಷ್ ವ್ಯಾಕರಣದ ಅಭ್ಯಾಸ: ಪುಸ್ತಕವೋ, ಹಳೆಯ ಪ್ರಶ್ನೆಪತ್ರಿಕೆಯೋ, ಆ್ಯಪೋ?

ಪ್ರವೇಶ ಪರೀಕ್ಷೆಗೆ ಈ ಮೂರರಲ್ಲಿ ಯಾವುದನ್ನು ಹಿಡಿಯಬೇಕೆಂಬುದು ನಿಮ್ಮ ತಪ್ಪುಗಳು ಯಾವ ಬಗೆಯವು, ಎಷ್ಟು ದಿನ ಉಳಿದಿದೆ ಎಂಬುದನ್ನು ಅವಲಂಬಿಸಿದೆ.

ನಿಯಮದ ಹಿಂದಿನ ಕಾರಣ ತಿಳಿಯಲು ಪುಸ್ತಕವೇ ಮೇಲು. ಕನ್ನಡದಲ್ಲಿ ‘ಎರಡು ವರ್ಷಗಳಿಂದ’, ‘2020ರಿಂದ’ ಎಂದು ಎರಡಕ್ಕೂ ಒಂದೇ ಪ್ರತ್ಯಯ ಸಾಕು. ಇಂಗ್ಲಿಷಿನಲ್ಲಿ ಅವಧಿಗೆ ‘ಫಾರ್’, ಆರಂಭದ ಕಾಲಕ್ಕೆ ‘ಸಿನ್ಸ್’ ಬೇಕು. ‘ಅದರ ಬಗ್ಗೆ ಚರ್ಚಿಸು’ ಎನ್ನುವ ರೂಢಿಯಿಂದಲೇ ನಾವು ‘ಡಿಸ್ಕಸ್’ ಎಂಬ ಕ್ರಿಯಾಪದದ ಮುಂದೆ ಬೇಡದ ‘ಅಬೌಟ್’ ಸೇರಿಸುತ್ತೇವೆ. ಇಂಥ ತಪ್ಪನ್ನು ಎಷ್ಟೋ ಆ್ಯಪ್‌ಗಳು ಕೆಂಪು ಬಣ್ಣದಲ್ಲಿ ತೋರಿಸಿ, ವಿವರಣೆಯಿಲ್ಲದೆ ಮುಂದಿನ ಪ್ರಶ್ನೆಗೆ ಸಾಗುತ್ತವೆ.

ಸಮಯದ ಹಿಡಿತಕ್ಕೆ ಮಾತ್ರ ಹಳೆಯ ಪ್ರಶ್ನೆಪತ್ರಿಕೆಗೆ ಸಾಟಿಯಿಲ್ಲ. ‘ಒನ್ ಆಫ್ ದ ಬಾಯ್ಸ್’ ನಂತರ ‘ಈಸ್’ ಬರಬೇಕೆಂದು ಗೊತ್ತಿದ್ದವರೂ ಗಡಿಯಾರ ಓಡುವಾಗ ಪಕ್ಕದ ಬಹುವಚನಕ್ಕೆ ಮರುಳಾಗಿ ‘ಆರ್’ ಗುರುತಿಸುತ್ತಾರೆ. ಆದರೆ ಬುನಾದಿ ಗಟ್ಟಿಯಾಗುವ ಮೊದಲೇ ಪತ್ರಿಕೆಗಳನ್ನೆಲ್ಲ ಬಿಡಿಸಿ ಮುಗಿಸಿದರೆ ಅದು ಬರೀ ಊಹೆಯ ಆಟವಾಗುತ್ತದೆ, ಮುಂದೆ ನಿಮ್ಮನ್ನು ಅಳೆದುಕೊಳ್ಳಲು ಹೊಸ ಪತ್ರಿಕೆಯೂ ಉಳಿಯುವುದಿಲ್ಲ.

ಖರ್ಚಿನಲ್ಲಿ, ಪುಸ್ತಕಕ್ಕೆ ಒಮ್ಮೆ ಕೊಟ್ಟರೆ ಮುಗಿಯಿತು. ಆ್ಯಪ್‌ನ ಚಂದಾ ಮರುಕಳಿಸಬಹುದು.

ಪದಬಳಕೆಗೆ ನಾನು ಆ್ಯಪನ್ನೇ ಆರಿಸುತ್ತೇನೆ. ‘ಅಫೆಕ್ಟ್’, ‘ಎಫೆಕ್ಟ್’ ಮುಂತಾದ ಜೋಡಿಗಳು ದಿನ ಬಿಟ್ಟು ದಿನ ಕಣ್ಣಿಗೆ ಬಿದ್ದರಷ್ಟೇ ನೆನಪಿನಲ್ಲಿ ನಿಲ್ಲುತ್ತವೆ, ಬಸ್ಸಿನಲ್ಲಿ ನಿಂತಾಗಲೂ ಆ ಕೆಲಸ ಸಾಗುತ್ತದೆ.

ತಿಂಗಳುಗಳಿದ್ದು ನಿಯಮಗಳೇ ಅಸ್ಪಷ್ಟವಾಗಿರುವವರಿಗೆ ಪುಸ್ತಕ, ಎರಡು ವಾರವಷ್ಟೇ ಉಳಿದವರಿಗೆ ಪ್ರಶ್ನೆಪತ್ರಿಕೆ, ಬಿಡುವು ಚೂರುಚೂರಾಗಿ ಸಿಗುವವರಿಗೆ ಆ್ಯಪ್ ಹೊಂದುತ್ತದೆ.