ಮೂರು ವರ್ಷದಲ್ಲಿ ನಾಲ್ಕು ಜೊತೆ ಚರ್ಮದ ಗ್ಲೌಸ್

ಕೆಲಸಕ್ಕೆ ಹಾಕಿಕೊಳ್ಳೋ ಗ್ಲೌಸ್‌ನ ಮೊದಲ ಜೊತೆ ತಗೊಂಡಾಗ ನಾನು ನೋಡಿದ್ದು ಲೇಬಲ್ ಮೇಲಿನ ‘ಅಪ್ಪಟ ಚರ್ಮ’ ಅನ್ನೋದನ್ನ ಮಾತ್ರ. ಆರು ವಾರಕ್ಕೇ ತೋರುಬೆರಳು ಹೊರಗೆ ಇಣುಕಿತು. ಚರ್ಮ ಅಪ್ಪಟವೇ ಆಗಿತ್ತು, ಸುಳ್ಳೇನಲ್ಲ. ಆದರೆ ಯಾವ ಪದರ, ಮೈಯ ಯಾವ ಭಾಗ ಅಂತ ನಾನು ಕೇಳಿರಲಿಲ್ಲ.

ದನದ ತೊಗಲು ದಪ್ಪ, ಅದನ್ನು ಪದರವಾಗಿ ಸೀಳುತ್ತಾರೆ. ಮೇಲಿನ ನುಣುಪು ಪದರ ಗ್ರೇನ್, ಕೆಳಗಿನ ಒರಟು ಪದರ ಸ್ಪ್ಲಿಟ್. ಸ್ಪ್ಲಿಟ್‌ನಲ್ಲೂ ತರತಮ ಇದೆ. ಪಕ್ಕೆಯದು ಎಳೆ ಒತ್ತಾಗಿದ್ದು ಜಾಸ್ತಿ ಬಾಳುತ್ತದೆ, ಭುಜದ್ದು ಸುಲಭವಾಗಿ ಮಡಚುತ್ತದೆ ಆದರೆ ಬೇಗ ಸವೆಯುತ್ತದೆ, ಹೊಟ್ಟೆಯದು ಒಂದೊಂದು ಕಡೆ ಒಂದೊಂದು ದಪ್ಪ, ಅಗ್ಗದ ಮಾಲು. ನನ್ನದು ಹೊಟ್ಟೆಯದ್ದೇ ಇರಬೇಕು, ಅಂಗೈ ಹತ್ತಿರ ಉಜ್ಜಿದರೆ ಹತ್ತಿಯ ಹಾಗೆ ಹಿಂಜಿಕೊಂಡು ಬರುತ್ತಿತ್ತು.

ಎರಡನೆಯದು ಪಕ್ಕೆ ಸ್ಪ್ಲಿಟ್, ಬೇಗ ಸುಡದ ಕೆವ್ಲಾರ್ ನೂಲಿನ ಹೊಲಿಗೆ. ವೆಲ್ಡಿಂಗ್‌ಗೆ ಇವತ್ತಿಗೂ ಅದೇ. ಕಿಡಿಗೆ ಮೊದಲು ಸಾಯೋದು ಚರ್ಮ ಅಲ್ಲ, ಹೊಲಿಗೆ. ಸಾದಾ ನೂಲು ಸುಟ್ಟು ಬೆರಳುಗಳು ಬಾಯಿ ಬಿಟ್ಟರೆ ಚರ್ಮ ಎಷ್ಟು ಚೆನ್ನಾಗಿದ್ದು ಏನು ಬಂತು? ಆದರೆ ಇದನ್ನು ಹಾಕಿಕೊಂಡು ಸಣ್ಣ ಸ್ಕ್ರೂ ಎತ್ತೋಕೆ ಹೋಗಬೇಡಿ, ಸುಮ್ನೆ ಸಿಟ್ಟು ಬರುತ್ತದೆ.

ಅದಕ್ಕೆಂದೇ ಮೂರನೆಯದು, ಮೇಕೆ ಚರ್ಮ. ತೆಳು, ಆದರೂ ಗಟ್ಟಿ, ಬೆರಳ ತುದಿಗೆ ಸ್ಪರ್ಶ ಸಿಗುತ್ತದೆ. ಒಂದೂವರೆ ವರ್ಷ ಆಯಿತು, ಹೆಬ್ಬೆರಳಿನ ಬುಡ ಮಾತ್ರ ಸ್ವಲ್ಪ ಸವೆದಿದೆ. ಬಿಸಿ ಕಬ್ಬಿಣ ಹಿಡಿಯೋಕೆ ಇದು ಆಗಲ್ಲ.

ನಾಲ್ಕನೆಯದು ಹಂದಿ ಚರ್ಮ, ಒದ್ದೆ ಮಣ್ಣಿನ ಕೆಲಸಕ್ಕೆ. ಮೂರು ಮೂರು ತೂತು ಗುಂಪಾಗಿ ಕಾಣುತ್ತಲ್ಲ, ಅವು ಕೂದಲಿನ ಬುಡಗಳು, ಗುರುತು ಹಿಡಿಯೋದು ಸುಲಭ. ಗಾಳಿಯಾಡುತ್ತದೆ, ನೆನೆದು ಒಣಗಿದ ಮೇಲೂ ಮೆತ್ತಗೇ ಉಳಿಯುತ್ತದೆ. ಎರಡನೇ ಜೊತೆಯನ್ನು ಒಮ್ಮೆ ನೆನೆಸಿ ಒಲೆಯ ಪಕ್ಕ ಒಣಗಿಸಿದ್ದೆ, ಹಲಗೆ ಆಗಿಬಿಟ್ಟಿತು. ತಪ್ಪು ನನ್ನದೇ, ನೆರಳಲ್ಲಿ ನಿಧಾನವಾಗಿ ಒಣಗಿಸಬೇಕಿತ್ತು. ಮತ್ತೆ ಪಳಗಿಸೋಕೆ ವಾರ ಹಿಡಿಯಿತು.

ಗ್ಲೌಸ್ ಮೇಲೆ ಇಎನ್ 388 ಅನ್ನೋ ಯುರೋಪಿನ ಮಾನದಂಡದ ಗುರುತು ಇದ್ದರೆ ಅದರ ಕೆಳಗೆ ನಾಲ್ಕು ಅಂಕಿ ಇರುತ್ತವೆ: ಸವೆತ, ಕೊಯ್ತ, ಹರಿಯುವಿಕೆ, ಚುಚ್ಚುವಿಕೆ ಇವನ್ನು ಎಷ್ಟು ತಡೆಯುತ್ತದೆ ಅಂತ, ಇದೇ ಕ್ರಮದಲ್ಲಿ. 2016ರ ಆವೃತ್ತಿಯಿಂದ ಕೊಯ್ತಕ್ಕೆ ‘ಎ’ಯಿಂದ ‘ಎಫ್’ವರೆಗಿನ ಅಕ್ಷರವೂ ಸೇರಿದೆ. ಬಿಸಿಯ ಲೆಕ್ಕ ಇದರಲ್ಲಿಲ್ಲ, ಅದಕ್ಕೆ ಇಎನ್ 407 ಬೇರೆ ಇದೆ. ನಾನಂತೂ ಈಗ ಮೊದಲ ಅಂಕಿ ನೋಡುತ್ತೇನೆ, ಆಮೇಲೆ ಗ್ಲೌಸ್ ಒಳಗೆ ಬೆರಳು ಹಾಕಿ ಹೊಲಿಗೆ ತಡವುತ್ತೇನೆ. ಒಳಗೆ ಹೊಲಿಗೆ ಉಬ್ಬಿದ್ದರೆ ವಾಪಸ್ ಇಡುತ್ತೇನೆ, ಸಂಜೆ ಹೊತ್ತಿಗೆ ಬೊಕ್ಕೆ ಗ್ಯಾರಂಟಿ.