ಒಂದು ದೊಡ್ಡ ಚಾರ್ಜರ್ರಾ, ನಾಲ್ಕು ಚಿಕ್ಕವಾ? ನಮ್ ಬಸ್ ಯಾರ್ಡಲ್ಲಿ ಎರಡೂ ಹಾಕ್ಸಿ ನೋಡಿದ್ಮೇಲೆ

ಮೊದ್ಲೇ ಹೇಳ್ಬಿಡ್ತೀನಿ, ಎಲೆಕ್ಟ್ರಿಕ್ ಬಸ್ ಚಾರ್ಜ್ ಮಾಡಕ್ಕೆ ನನ್ ಓಟು ನಾಲ್ಕು ಚಿಕ್ಕ ಚಾರ್ಜರ್‌ಗೆ. ದೊಡ್ಡದನ್ನ ಐದು ತಿಂಗ್ಳು ಇಟ್ಕೊಂಡು ಒದ್ದಾಡಿ ಆಮೇಲೆ ಬದಲಾಯಿಸಿದ್ವಿ, ಆ ಐದು ತಿಂಗ್ಳಲ್ಲಿ ನಾನು ನೆಟ್ಟಗೆ ನಿದ್ದೆ ಮಾಡಿದ ರಾತ್ರಿಗಳು ಕಮ್ಮಿ. ಮೈಸೂರು ಮಂಡ್ಯ ಕಡೆ ಈಗ ಸ್ಕೂಲ್ ಬಸ್ಸು, ಸ್ಟಾಫ್ ಬಸ್ಸು ಇಟ್ಕೊಂಡಿರೋರು ಸುಮಾರ್ ಜನ ಎಲೆಕ್ಟ್ರಿಕ್ ತಗೊಳೋ ಯೋಚ್ನೆ ಮಾಡ್ತಿದಾರೆ, ಎಲ್ರೂ ಬಸ್ಸಿನ ಬಗ್ಗೆನೇ ಕೇಳ್ತಾರೆ, ಯಾರ್ಡ್ ಬಗ್ಗೆ ಯಾರೂ ಕೇಳಲ್ಲ. ನಮಗೆ ಪೆಟ್ಟು ಬಿದ್ದಿದ್ದು ಯಾರ್ಡಲ್ಲೇ.

ನಾನು ಮೈಸೂರಿನ ಹೆಬ್ಬಾಳ್ ಇಂಡಸ್ಟ್ರಿಯಲ್ ಏರಿಯಾ ಕಡೆ ಒಂದು ಯಾರ್ಡಲ್ಲಿ ವರ್ಕ್‌ಶಾಪ್ ನೋಡ್ಕೊಳೋನು. ಹದಿನೆಂಟು ವರ್ಷ ಡೀಸೆಲ್ ಗಾಡಿ ಬಿಚ್ಚಿ ಜೋಡ್ಸಿದೀನಿ. ನಮ್ ಯಜಮಾನ್ರು ಹೋದ್ ವರ್ಷ ನಂಜನಗೂಡು ಫ್ಯಾಕ್ಟರಿ ಕಾಂಟ್ರಾಕ್ಟ್‌ಗೆ ಅಂತ ನಾಲ್ಕು 9 ಮೀಟರ್ ಎಲೆಕ್ಟ್ರಿಕ್ ಬಸ್ ತಗೊಂಡ್ರು, ಜೊತೆಗೆ ಸಾಮಾನು ಸಾಗ್ಸಕ್ಕೆ ಮೂರು ಚಿಕ್ಕ ಎಲೆಕ್ಟ್ರಿಕ್ ಗೂಡ್ಸ್ ಗಾಡಿ. ಬಸ್ಸಿನ ಬ್ಯಾಟರಿ ಒಂದೊಂದೂ ಸುಮಾರು 150 ಯೂನಿಟ್‌ದು. ಬೆಳಿಗ್ಗೆ ಒಂದ್ ಸುತ್ತು, ರಾತ್ರಿ ಒಂದ್ ಸುತ್ತು, ದಿನಕ್ಕೆ 130 ಕಿಲೋಮೀಟರ್ ಹತ್ರ ಓಡ್ತವೆ. ಹಗಲು ಹೊತ್ತು ನಂಜನಗೂಡಲ್ಲೇ ಫ್ಯಾಕ್ಟರಿ ಪಕ್ಕ ನಿಂತಿರ್ತವೆ, ಅಲ್ಲಿ ಚಾರ್ಜಿಂಗ್ ಇಲ್ಲ. ರಾತ್ರಿ ಹತ್ತೂವರೆ ಮೇಲೆ ಯಾರ್ಡಿಗೆ ಬರೋದು, ಬೆಳಿಗ್ಗೆ ಐದಕ್ಕೆ ಮುಂಚೆ ಹೊರಡೋದು. ನಮ್ ಹತ್ರ ಇರೋದು ಆ ಆರು ಗಂಟೆ ಅಷ್ಟೇ.

ಚಾರ್ಜರ್‌ಗೆ ನಮ್ ಮುಂದೆ ಎರಡು ದಾರಿ ಇದ್ವು. ಒಂದು ಕಡೆ 120 ಕಿಲೋವ್ಯಾಟ್‌ದು ಒಂದೇ ಡಿಸಿ ಚಾರ್ಜರ್, ಎರಡು ಗನ್ (ಕೇಬಲ್ ತುದೀಲಿ ಬಸ್ಸಿಗೆ ಸಿಗಿಸೋ ಪ್ಲಗ್) ಇರೋದು. ಇನ್ನೊಂದು ಕಡೆ 30 ಕಿಲೋವ್ಯಾಟ್‌ದು ನಾಲ್ಕು, ಒಂದೊಂದು ಬಸ್ಸಿಗೆ ಒಂದೊಂದು. ಎರಡೂ ನಮ್ ಬಸ್ಸಿಗೆ ಹೊಂದೋ ಸಿಸಿಎಸ್-2 ಅನ್ನೋ ಥರದ ಗನ್ನೇ. ಕೂಡಿದ್ರೆ ಎರಡೂ 120. ಸಪ್ಲೈಯರ್ ಬಂದು ಪೇಪರ್ ಮೇಲೆ ಲೆಕ್ಕ ಹಾಕ್ ತೋರ್ಸಿದ್ರು, ದೊಡ್ಡದರಲ್ಲಿ ಎರಡು ಬಸ್ಸಿಗೆ 60-60 ಹೋಗುತ್ತೆ, ಹತ್ತೂ ಮುಕ್ಕಾಲಿಗೆ ಹಾಕಿದ್ರೆ ಒಂದು ಗಂಟೆಗೆ ಮುಗೀತದೆ, ಆಮೇಲೆ ಇನ್ನೆರಡು ಹಾಕಿ, ಮೂರು ಗಂಟೆಗೆ ಎಲ್ಲಾ ಫುಲ್ ಅಂತ. ಲೆಕ್ಕದಲ್ಲಿ ತಪ್ಪೇನೂ ಇರ್ಲಿಲ್ಲ. ಬೆಲೆನೂ ನಾಲ್ಕು ಚಿಕ್ಕವಕ್ಕಿಂತ ಸ್ವಲ್ಪ ಕಮ್ಮಿ. ನಾನೂ ಹೂಂ ಅಂದೆ, ಆ ತಪ್ಪು ನಂದೂ ಇದೆ.

ಆ ‘ಆಮೇಲೆ ಇನ್ನೆರಡು ಹಾಕಿ’ ಅನ್ನೋದು ರಾತ್ರಿ ಒಂದು ಗಂಟೆಗೆ ಯಾರು ಮಾಡ್ತಾರೆ ಅಂತ ನಾವ್ಯಾರೂ ಯೋಚ್ನೆ ಮಾಡಿರ್ಲಿಲ್ಲ. ಗನ್ ಕೇಬಲ್ ಐದು ಮೀಟರ್. ನಮ್ ಬಸ್ಸಿಗೆ ಚಾರ್ಜಿಂಗ್ ಇನ್ಲೆಟ್, ಅಂದ್ರೆ ಗನ್ ಸಿಗಿಸೋ ಜಾಗ, ಇರೋದು ಹಿಂದೆ ಎಡಗಡೆ. ಚಾರ್ಜರ್ ಪಕ್ಕ ನಿಂತ ಎರಡು ಬಸ್ಸಿಗೆ ಮಾತ್ರ ಗನ್ ಎಟಕುತ್ತೆ, ಮಿಕ್ಕ ಎರಡಕ್ಕೆ ಬಸ್ಸನ್ನೇ ತಂದು ಅಲ್ಲಿ ರಿವರ್ಸ್ ಹಾಕ್ಬೇಕು. ಅಂದ್ರೆ ಒಂದು ಗಂಟೆ ರಾತ್ರೀಲಿ ಫುಲ್ ಆಗಿರೋ ಎರಡು ಬಸ್ ತೆಗೀಬೇಕು, ಖಾಲಿ ಇರೋ ಎರಡು ಬಸ್ ಒಳಗೆ ತರ್ಬೇಕು. ಡ್ರೈವರ್‌ಗಳೆಲ್ಲ ಹನ್ನೊಂದಕ್ಕೇ ಮನೆಗ್ ಹೋಗಿರ್ತಾರೆ, ವಾಚ್‌ಮನ್ ಅಣ್ಣಂಗೆ ಬಸ್ ಓಡ್ಸಕ್ಕೆ ಬರಲ್ಲ, ಬಂದ್ರೂ ಲೈಸೆನ್ಸ್ ಇಲ್ದೋರ ಕೈಗೆ ಬಸ್ ಕೊಡಕ್ಕಾಗಲ್ಲ. ಮೊದಲ ವಾರ ನಾನೇ ಯಾರ್ಡಲ್ಲಿ ಮಲ್ಕೊಂಡೆ. ಆಮೇಲೆ ಒಬ್ಬ ಡ್ರೈವರ್‌ಗೆ ದಿನಾ ನೈಟ್ ಭತ್ಯೆ ಕೊಟ್ಟು ಯಾರ್ಡಲ್ಲೇ ಮಲಗಿಸಿದ್ವಿ. ಬೆಳಿಗ್ಗೆ ಐದಕ್ಕೆ ಅದೇ ಡ್ರೈವರ್ 28 ಜನಾನ ಕೂರಿಸ್ಕೊಂಡು ಹೋಗ್ಬೇಕು, ನಡುರಾತ್ರಿ ಎದ್ದು ಬಸ್ ಹಿಂದೆಮುಂದೆ ಮಾಡಿರೋನು. ಇದು ನನಗೆ ಒಂದ್ ದಿನನೂ ಸರಿ ಅನ್ನಿಸ್ಲಿಲ್ಲ.

ಒಂದ್ ರಾತ್ರಿ ಡ್ರೈವರ್‌ಗೆ ಜ್ವರ, ರಜ ಹಾಕಿದ್ದ. ಹೆಂಗೋ ಇನ್ನೊಬ್ಬರನ್ನ ಕರ್ಸಿ ಬಸ್ ಬದಲಾಯಿಸ್ಕೊಂಡ್ವಿ, ಅವರು ಅವಸರದಲ್ಲಿ ವಾಪಸ್ ಹೊರಟ್ರು, ಗನ್ ಹಾಕಿದ್ದು ವಾಚ್‌ಮನ್ ಅಣ್ಣ. ಬೆಳಿಗ್ಗೆ ನಾಲ್ಕೂ ಐವತ್ತಕ್ಕೆ ನೋಡಿದ್ರೆ ಒಂದು ಬಸ್ಸಲ್ಲಿ 31 ಪರ್ಸೆಂಟ್. ರಾತ್ರಿ ಎಷ್ಟಿತ್ತೋ ಅಷ್ಟೇ. ‘ಕಟಕ್ ಅಂತು ಕಣಣ್ಣ, ಲೈಟೂ ಹತ್ತಿತ್ತು’ ಅಂತ ಆವಣ್ಣ ಅಳೋ ಥರ ಹೇಳ್ತಿದ್ದ. ಅವನದ್ದೇನೂ ತಪ್ಪಿಲ್ಲ. ಗನ್ ಒಳಗೆ ಹೋಗಿದೆ, ಲಾಕ್ ಪಿನ್ ಪೂರ್ತಿ ಕೂತಿಲ್ಲ, ಚಾರ್ಜರ್ರೂ ಬಸ್ಸೂ ಮಾತಾಡ್ಕೊಳಕ್ಕೆ ಶುರು ಮಾಡಿ ಅರ್ಧಕ್ಕೇ ನಿಂತ್ಬಿಟ್ಟಿದೆ, ಲೈಟ್ ಹತ್ತಿದ್ದು ನೋಡ್ಕೊಂಡು ಆವಣ್ಣ ಹೋಗಿದಾನೆ. ಪವರ್ ಹೋಗ್ತಿದ್ಯಾ ಅಂತ ಒಂದೆರಡು ನಿಮಿಷ ನಿಂತು ಸ್ಕ್ರೀನಲ್ಲಿ ಕಿಲೋವ್ಯಾಟ್ ನೋಡ್ಬೇಕು ಅಂತ ನಾವು ಅವನಿಗೆ ಹೇಳೇ ಇರ್ಲಿಲ್ಲ. 31 ಪರ್ಸೆಂಟ್ ಅಂದ್ರೆ 46 ಯೂನಿಟ್, ಊರೆಲ್ಲ ಸುತ್ತಿ ಪಿಕಪ್ ಮಾಡಿ ನಂಜನಗೂಡಿಗೆ ಬಿಡೋ ಬೆಳಗಿನ ಸುತ್ತಿಗೆ 55 ಯೂನಿಟ್ ಆದ್ರೂ ಬೇಕು. ಆವತ್ತು ಹೊರಗಿಂದ ಡೀಸೆಲ್ ಬಸ್ ಬಾಡಿಗೆಗೆ ತಂದ್ವಿ, ಅದೂ ಮುಕ್ಕಾಲು ಗಂಟೆ ಲೇಟು, ಫ್ಯಾಕ್ಟರಿಯವರು ಬಿಲ್ಲಲ್ಲಿ ಹಿಡ್ಕೊಂಡ್ರು. ದುಡ್ಡಿಗಿಂತ, ಬಸ್ ಸ್ಟಾಪಲ್ಲಿ ಆ ಹೆಣ್ಮಕ್ಳು ಕತ್ತಲೇಲಿ ಅಷ್ಟೊತ್ತು ಕಾಯ್ಕೊಂಡ್ ನಿಂತಿದ್ರಲ್ಲ, ಅದು ನನಗೆ ಇವತ್ತಿಗೂ ಬೇಜಾರು.

ಇನ್ನೊಂದು ತೊಂದ್ರೆ ನಿಧಾನಕ್ಕೆ ಗೊತ್ತಾಯ್ತು. ಅವಸರಕ್ಕೆ 88-90 ಪರ್ಸೆಂಟ್ ಆದ್ ತಕ್ಷಣ ಗನ್ ಕಿತ್ತು ಮುಂದಿನ ಬಸ್ಸಿಗೆ ಹಾಕೋರು, ಯಾಕಂದ್ರೆ ಕೊನೇ ಹತ್ತು ಪರ್ಸೆಂಟ್‌ಗೆ ಬ್ಯಾಟರಿನೇ ಕರೆಂಟ್ ಕಮ್ಮಿ ತಗೊಳುತ್ತೆ, ಸುಮ್ನೆ ಟೈಮ್ ಹೋಗುತ್ತೆ. ನಮ್ಮ ಬಸ್ಸಲ್ಲಿರೋದು ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ. ಇದರ ಸೆಲ್ಲು ಮಧ್ಯದಲ್ಲಿ 70 ಇದ್ರೂ 40 ಇದ್ರೂ ವೋಲ್ಟೇಜ್ ಹೆಚ್ಚುಕಮ್ಮಿ ಒಂದೇ ತೋರ್ಸುತ್ತೆ, ಹಂಗಾಗಿ ಎಷ್ಟು ಪರ್ಸೆಂಟ್ ಉಳಿದಿದೆ ಅನ್ನೋದನ್ನ ಬಸ್ಸಿನ ಬಿಎಂಎಸ್ಸು, ಅಂದ್ರೆ ಬ್ಯಾಟರಿ ನೋಡ್ಕೊಳೋ ಕಂಪ್ಯೂಟರ್, ಒಳಗೆ ಹೋಗಿದ್ದು ಹೊರಗೆ ಬಂದಿದ್ದು ಲೆಕ್ಕ ಇಟ್ಕೊಂಡು ಹೇಳ್ತಿರುತ್ತೆ, ಆಗಾಗ ಪೂರ್ತಿ 100 ಮುಟ್ಟಿಸಿದ್ರೇನೆ ಆ ಲೆಕ್ಕ ಸರಿಹೋಗೋದು, ಸೆಲ್ಲುಗಳೂ ಒಂದಕ್ಕೊಂದು ಸಮ ಆಗೋದು. ನಾವು ತಿಂಗಳುಗಟ್ಲೆ ಅರ್ಧಕ್ಕೇ ಕಿತ್ಕೊಂಡಿದ್ದಕ್ಕೆ ಒಂದು ಬಸ್ಸು 35 ತೋರಿಸ್ತಾ ಇದ್ದಿದ್ದು ಇದ್ದಕ್ಕಿದ್ದಂಗೆ 22ಕ್ಕೆ ಇಳೀತು. ಡ್ರೈವರ್ ಗಾಬ್ರಿ. ಈಗ ದಿನಾ ನಿಧಾನಕ್ಕೆ 100 ಮುಟ್ಟಿಸ್ತೀವಿ, ಆ ತಕರಾರು ಹೋಯ್ತು.

ಕೊನೆಗೆ ತೀರ್ಮಾನ ಮಾಡಿಸಿದ್ದು ಒಂದು ಕಾರ್ಡು. ದೊಡ್ಡ ಚಾರ್ಜರ್ ಒಳಗೆ ಪವರ್ ಮಾಡ್ಯೂಲ್‌ಗಳು ಬೇರೆ ಬೇರೆ ಇರ್ತವೆ, ಒಂದು ಹೋದ್ರೂ ಮಿಕ್ಕವು ನಡೀತವೆ ಅಂತ ಹೇಳಿದ್ರು, ಅದು ನಿಜಾನೇ. ಆದ್ರೆ ಎಲ್ಲದಕ್ಕೂ ಸೇರಿ ಕಂಟ್ರೋಲರ್ ಕಾರ್ಡು ಒಂದೇ. ಅದು ಕೆಟ್ಟಾಗ ಎರಡು ಗನ್ನೂ ಸತ್ತ್ವು, ಕಾರ್ಡು ಬರೋಕೆ ಮೂರು ದಿನ. ಮೂರು ದಿನ ನಾಲ್ಕು ಬಸ್ಸನ್ನ ಸರದಿ ಮೇಲೆ ಹೊರಗಡೆ ಪಬ್ಲಿಕ್ ಚಾರ್ಜರ್‌ಗೆ ಕಳಿಸಿದ್ವಿ, ಅಲ್ಲಿ ಕಾರ್ ನಿಲ್ಲೋ ಜಾಗದಲ್ಲಿ 9 ಮೀಟರ್ ಬಸ್ ತಿರುಗಿಸೋದು ಏನ್ ಕಷ್ಟ ಅಂತ ಆ ಡ್ರೈವರ್‌ಗಳನ್ನೇ ಕೇಳ್ಬೇಕು.

ಈಗ ಚಿಕ್ಕವು. ಒಂದೊಂದು ಬಸ್ಸಿಗೆ ಒಂದೊಂದು ಜಾಗ ಗುರುತು ಹಾಕಿದೀವಿ, ಹಿಂದಿನ ಎಡಗಡೆ ಮೂಲೆಗೆ ಸರಿಯಾಗಿ ಗೋಡೇಲಿ ಚಾರ್ಜರ್. ಡ್ರೈವರ್ ಬರ್ತಾನೆ, ರಿವರ್ಸ್ ಹಾಕ್ತಾನೆ, ತಾನೇ ಗನ್ ಹಾಕ್ತಾನೆ, ಸ್ಕ್ರೀನಲ್ಲಿ ಕಿಲೋವ್ಯಾಟ್ ಬಂದಿದ್ದು ಫೋಟೋ ತೆಗ್ದು ಗ್ರೂಪ್‌ಗೆ ಹಾಕ್ತಾನೆ, ಮನೆಗ್ ಹೋಗ್ತಾನೆ. ರಾತ್ರಿ ಯಾರೂ ಏಳ್ಬೇಕಿಲ್ಲ. ದಸರಾ ಟೈಮಲ್ಲಿ ರೋಡೆಲ್ಲ ಬಂದ್, ಒಂದು ಬಸ್ಸು ಹತ್ತೂವರೆಗೆ ಬಂದ್ರೆ ಇನ್ನೊಂದು ಹನ್ನೆರಡೂವರೆಗೆ ಬಂತು, ಆದ್ರೂ ಒಂದಕ್ಕಾಗಿ ಇನ್ನೊಂದು ಕಾಯ್ಲಿಲ್ಲ. ಒಂದ್ಸಲ ಒಂದು ಚಾರ್ಜರ್ ಫ್ಯಾನ್ ಹೋಯ್ತು, ಮೂರು ನಡೀತಿದ್ವು, ಮೊದಲು ಫುಲ್ ಆದ ಬಸ್ ಜಾಗಕ್ಕೆ ನಾಲ್ಕನೇದನ್ನ ಹಾಕ್ಕೊಂಡ್ವಿ. ಆ ಒಂದ್ ರಾತ್ರಿ ಡ್ರೈವರ್ ಉಳಿದ, ಅಷ್ಟೇ.

ಕರೆಂಟ್ ಬಿಲ್ ವಿಷ್ಯ ಗಮನ ಇಟ್ಟು ಓದಿ, ದುಡ್ಡು ಉಳಿಯೋದು ಇಲ್ಲೇ. ನಾಲ್ಕು ಬಸ್ಸಿಗೂ ಸೇರಿ ರಾತ್ರಿ 440 ಯೂನಿಟ್ ಬೇಕು. ನಾಲ್ಕೂ ಚಾರ್ಜರ್‌ನ 20 ಕಿಲೋವ್ಯಾಟ್‌ಗೇ ಮಿತಿ ಮಾಡಿ ಇಟ್ಟಿದೀವಿ, 80 ಆಯ್ತು, ಐದೂವರೆ ಗಂಟೇಲಿ ಮುಗೀತದೆ. ಚಾರ್ಜರ್ ಬಿಸೀಲಿ ಹೋಗೋದು ಸೇರಿದ್ರೂ ಮೀಟರ್ ಮೇಲೆ 85-90 ದಾಟಲ್ಲ. ದೊಡ್ಡದಿದ್ದಾಗ 120ರ ಮೇಲೆ ಎಳೀತಿತ್ತು, ಅಷ್ಟಕ್ಕೂ ಲೋಡ್ ಸ್ಯಾಂಕ್ಷನ್ ಮಾಡಿಸ್ಬೇಕು, ಡಿಮ್ಯಾಂಡ್ ಚಾರ್ಜ್ ಅನ್ನೋದು ಗಾಡಿ ಓಡ್ಲಿ ಬಿಡ್ಲಿ ತಿಂಗ್ಳು ತಿಂಗ್ಳು ಕಟ್ಬೇಕು. ದೊಡ್ಡದನ್ನೂ ಕಮ್ಮಿ ಮಾಡಿ ಇಡ್ಬಹುದಲ್ಲ ಅಂದ್ರೆ ಇಡ್ಬಹುದು, ಆದ್ರೆ ಒಂದು ಗಂಟೆಗೆ ಮಾಡೋ ಬದಲಾವಣೆ ಎರಡು ಗಂಟೆಗೆ ಹೋಗುತ್ತೆ, ನಿದ್ದೆ ಇನ್ನೂ ಹಾಳು. ಇನ್ನೊಂದು, ಇವಿ ಚಾರ್ಜಿಂಗ್‌ಗೆ ಕರ್ನಾಟಕದಲ್ಲಿ ಬೇರೆ ಟ್ಯಾರಿಫ್ ಇದೆ, ವರ್ಕ್‌ಶಾಪ್ ಮೀಟರ್‌ಗೆ ಸೇರಿಸ್ಬೇಡಿ, ನಮ್ ಕಡೆ ಕರೆಂಟ್ ಕೊಡೋ ಸೆಸ್ಕ್‌ನಲ್ಲಿ ಬೇರೆ ಕನೆಕ್ಷನ್ ತಗೊಳಿ.

ದೊಡ್ಡ ಚಾರ್ಜರ್ ಕೆಟ್ಟದು ಅಂತ ನಾನು ಹೇಳ್ತಿಲ್ಲ. ಬೆಂಗಳೂರು ಮೈಸೂರು ಮಧ್ಯೆ ಕೆಎಸ್‌ಆರ್‌ಟಿಸಿ ಎಲೆಕ್ಟ್ರಿಕ್ ಬಸ್ 2023ರ ಜನವರಿಯಿಂದ ಓಡ್ತಿದೆ, ಅಂಥ ಬಸ್ 145 ಕಿಲೋಮೀಟರ್ ಬಂದು ಮತ್ತೆ ವಾಪಸ್ ಹೋಗ್ಬೇಕು, ಅಲ್ಲಿ ಐದು ಗಂಟೆ ನಿಲ್ಲಿಸ್ಕೊಂಡು ಚಾರ್ಜ್ ಮಾಡಕ್ಕಾಗುತ್ತಾ, ದೊಡ್ಡದೇ ಬೇಕು. ಅಲ್ಲಿ ಮೂರು ಶಿಫ್ಟಲ್ಲೂ ಡಿಪೋ ಜನ ಇರ್ತಾರೆ, ಗನ್ ಬದಲಾಯಿಸೋದೇ ಒಬ್ಬರ ಕೆಲ್ಸ. ನಮ್ಮಂಥ ರಾತ್ರಿ ಎಲ್ಲಾ ಸುಮ್ನೆ ನಿಲ್ಲೋ ಬಸ್ಸಿಗೆ ಅಲ್ಲ.

ಕೇಬಲ್‌ನ ನೆಲದಲ್ಲಿ ಟ್ರೆಂಚ್ ಮಾಡಿ ತಂದಿದ್ವಿ ಮೊದಲು. ಮಳೆ ನೀರು, ಹೆಗ್ಗಣ, ಎರಡೂ. ಎರಡನೇ ಸಲ ಗೋಡೆ ಮೇಲೆ ಟ್ರೇ ಹಾಕ್ಸಿದ್ವಿ, ಅದೇ ವಾಸಿ.

ಅರ್ಥಿಂಗ್‌ನ ಹಗುರ ತಗೋಬೇಡಿ. ಡೀಸೆಲ್ ಯಾರ್ಡಲ್ಲಿ ಕಂಪ್ರೆಸರ್ರು ವೆಲ್ಡಿಂಗ್ ಮಿಷನ್ನು ಹೆಂಗೋ ಓಡ್ತಿದ್ವು, ಈ ಚಾರ್ಜರ್ ಹಂಗಲ್ಲ, ಅರ್ಥ್ ಸರಿ ಇಲ್ಲ ಅಂತ ಅನ್ಸಿದ್ರೆ ಶುರುನೇ ಆಗಲ್ಲ. ಏಪ್ರಿಲ್‌ನಲ್ಲಿ ಅರ್ಥಿಂಗ್ ಗುಂಡಿ ಒಣಗಿ ದಿನಾ ಸಂಜೆ ಬಕೆಟ್ ನೀರು ಹುಯ್ತಿದ್ವಿ. ಆಮೇಲೆ ಕೆಮಿಕಲ್ ಅರ್ಥಿಂಗ್ ಹೊಸದಾಗಿ ಮಾಡಿಸಿದ್ವಿ, ಮೊದಲೇ ಮಾಡಿಸ್ಬೇಕಿತ್ತು.

ಗೂಡ್ಸ್ ಗಾಡಿಗೆ ಚಾರ್ಜರ್ ಏನೂ ಬೇಡ. ಬ್ಯಾಟರಿ 21 ಯೂನಿಟ್ ಚಿಲ್ರೆ, 15 ಆಂಪ್ ಪಾಯಿಂಟಲ್ಲಿ ರಾತ್ರಿ ಹಾಕಿದ್ರೆ ಬೆಳಿಗ್ಗೆಗೆ ಫುಲ್. ಮನೆಗೆ ಹಾಕೋ ಸಾಕೆಟ್ ಮಾತ್ರ ಬೇಡ, ಏಳು ಗಂಟೆ ಒಂದೇ ಸಮ ಕರೆಂಟ್ ಎಳೆದು ನಮ್ಮದು ಒಂದು ಕರಗಿತ್ತು, ಇಂಡಸ್ಟ್ರಿಯಲ್ ಸಾಕೆಟ್ ಹಾಕ್ಸಿ.

ವರ್ಕ್‌ಶಾಪ್ ಕಡೆ, ಬಸ್ ಕೆಳಗೆ ಇಳಿದು ಕೆಲ್ಸ ಮಾಡೋ ಪಿಟ್ಟಾ, ಬಸ್ ಎತ್ತೋ ಜಾಕಾ ಅಂತ ಕೇಳ್ತಾರೆ. ಇರೋ ಪಿಟ್ಟೇ ಸಾಕು, ಬ್ರೇಕು, ಸಸ್ಪೆನ್ಷನ್ನು, ಗ್ರೀಸು ಎಲ್ಲಾ ಅಲ್ಲೇ ಆಗುತ್ತೆ. ದುಡ್ಡು ಹಾಕೋದಿದ್ರೆ ಮೇಲಕ್ಕೆ ಹಾಕಿ. ಎಸಿ ಎಲ್ಲಾ ಬಸ್ಸಿನ ಟಾಪ್ ಮೇಲಿರುತ್ತೆ, ಕೆಲವು ಬಸ್ಸಲ್ಲಿ ಬ್ಯಾಟರಿನೂ ಅಲ್ಲೇ. ಏಣಿ ಹಾಕ್ಕೊಂಡು ಒಂದ್ ಕೈಲಿ ಸ್ಪ್ಯಾನರ್ ಹಿಡ್ಕೊಂಡು ಹತ್ತೋ ಕೆಲ್ಸ ಅಲ್ಲ ಅದು. ಕಂಬಿ ಕಟ್ಟಿರೋ ಪ್ಲಾಟ್‌ಫಾರ್ಮ್ ಒಂದು ಮಾಡಿಸಿದ್ವಿ, ನಮ್ ವೆಲ್ಡರ್ರೇ ಮಾಡಿದ್ರು.

ನಮ್ ಹುಡುಗ್ರಿಗೆ ನಾನು ದಿನಾ ಹೇಳೋದು ಒಂದೇ, ಕಿತ್ತಳೆ ಬಣ್ಣದ ಕೇಬಲ್ ಕಂಡ್ರೆ ಕೈ ಹಿಂದಕ್ಕೆ ತಗೊಳ್ರಪ್ಪ ಅಂತ. ಅದರಲ್ಲಿ ನೂರಾರು ವೋಲ್ಟ್ ಡಿಸಿ. ಬ್ಯಾಟರಿ ಕರೆಂಟ್ ಕಡಿಯೋ ಸರ್ವೀಸ್ ಪ್ಲಗ್ ಕಿತ್ತು ಜೇಬಲ್ಲಿ ಇಟ್ಕೋಬೇಕು, ಕಂಪ್ನಿ ಬುಕ್ಕಲ್ಲಿ ಹೇಳಿರೋಷ್ಟು ನಿಮಿಷ ಕಾಯ್ಬೇಕು, ಮೀಟರ್ ಇಟ್ಟು ಸೊನ್ನೆ ಬಂದಿದ್ದು ನೋಡ್ಬೇಕು, ಆಮೇಲೆ ಮುಟ್ಬೇಕು. ಗ್ಲೌಸು, ಇನ್ಸುಲೇಟೆಡ್ ಟೂಲ್ಸು 1000 ವೋಲ್ಟ್ ಮಾರ್ಕ್ ಇರೋದೇ ತಗೊಳಿ, ಇದರಲ್ಲಿ ಚೌಕಾಸಿ ಬೇಡ. ಯಾರ್ಡಿನ ಮೂಲೇಲಿ ಒಂದು ಬಸ್ಸಿನಷ್ಟು ಜಾಗ ಯಾವಾಗ್ಲೂ ಖಾಲಿ ಬಿಟ್ಟಿದೀವಿ, ಬ್ಯಾಟರಿ ಪೆಟ್ಟು ತಿಂದ ಗಾಡಿ ಬಂದ್ರೆ ಮಿಕ್ಕವುಗಳಿಂದ ದೂರ ನಿಲ್ಲಿಸಕ್ಕೆ, ಪಕ್ಕದಲ್ಲೇ ನೀರಿನ ಪೈಪು. ಯಜಮಾನ್ರು ಆ ಜಾಗದಲ್ಲಿ ಇನ್ನೊಂದು ಬಸ್ ನಿಲ್ಲಿಸ್ಬಹುದಲ್ಲ ಅಂದ್ರು, ನಾನು ಒಪ್ಲಿಲ್ಲ.

ಸೋಲಾರ್ ಕೇಳಿದ್ರು ಒಬ್ಬರು. ನಮ್ ಬಸ್ ಹಗಲಲ್ಲಿ ಯಾರ್ಡಲ್ಲೇ ಇರಲ್ಲ, ಸದ್ಯಕ್ಕೆ ಕೈ ಹಾಕಿಲ್ಲ.

ದೊಡ್ಡ ಚಾರ್ಜರ್‌ನ ಸಪ್ಲೈಯರ್ರೇ ಕಮ್ಮಿ ರೇಟಿಗೆ ವಾಪಸ್ ತಗೊಂಡ್ರು, ಲಾಸ್ ಆಯ್ತು, ನೈಟ್ ಭತ್ಯೆ, ಹೊರಗಿನ ಬಸ್ ಬಾಡಿಗೆ ಎಲ್ಲಾ ಸೇರಿಸಿದ್ರೆ ಆ ‘ಸ್ವಲ್ಪ ಕಮ್ಮಿ’ ಬೆಲೆ ಎಲ್ಲೋ ಹೋಯ್ತು. ನಮ್ಮಷ್ಟೇ ಬಸ್ ಇದ್ದು, ರಾತ್ರಿ ಆರು ಗಂಟೆ ನಿಲ್ಲೋದಿದ್ದು, ರಾತ್ರಿ ಜನ ಇಡಕ್ಕೆ ಬಜೆಟ್ ಇಲ್ಲ ಅಂದ್ರೆ ಚಿಕ್ಕವೇ ಹಾಕ್ಸಿ. ಹಾಕ್ಸೋಕೆ ಮುಂಚೆ ಬಸ್ಸಿನ ಇನ್ಲೆಟ್ ಎಲ್ಲಿದೆ ಅಂತ ಟೇಪ್ ಹಿಡಿದು ಅಳೀರಿ, ಗೋಡೆಗೆ ಮೊಳೆ ಹೊಡೆಯೋದು ಆಮೇಲೆ. ರಿವರ್ಸ್ ಬರೋ ಬಸ್ಸು ಗುದ್ದದಂಗೆ ಚಾರ್ಜರ್ ಮುಂದೆ ಕಾಂಕ್ರೀಟ್ ತುಂಬಿದ ಪೈಪ್ ನೆಡೋದು ಮರೀಬೇಡಿ.

ಬರೋ ತಿಂಗ್ಳು ಐದನೇ ಬಸ್ ಬರ್ತಿದೆ, ಬೇರೆ ಕಂಪ್ನೀದು, ಅದರ ಇನ್ಲೆಟ್ ಬಲಗಡೆ ಮುಂದೆ ಅಂತೆ. ಅದು ಗೋಡೆ ಕಡೆ ಮುಖ ಮಾಡಿ ನಿಲ್ಬೇಕು. ನಿನ್ನೆ ನಾನೂ ವಾಚ್‌ಮನ್ ಅಣ್ಣನೂ ಸೇರಿ ಗೇಟ್ ಪಕ್ಕ ಸುಣ್ಣದಲ್ಲಿ ಗೆರೆ ಎಳೆದು ಬಂದಿದೀವಿ.