ಬವೇರಿಯನ್ ಕ್ರೀಮ್‌ಗೆ ಯಾವುದು ಒಳ್ಳೆಯದು: ಜೆಲಾಟಿನ್ ಹಾಳೆಯೋ, ಪುಡಿಯೋ, ಅಗರ್ ಅಗರೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಜೆಲಾಟಿನ್ ಹಾಳೆಗೆ. ಹಾಗಿದ್ದೂ ಇಷ್ಟುದ್ದ ಬರೆಯಲು ಕಾರಣ ನನ್ನ ಅಡುಗೆಮನೆ ಕಪಾಟಿನಲ್ಲಿ ಕೂತಿರುವ ಅಗರ್ ಅಗರ್ ಪುಡಿಯ ಪೊಟ್ಟಣ. ಮಾಂಸದ ಸೋಂಕಿಲ್ಲ, ಎಲ್ಲರೂ ತಿನ್ನಬಹುದು, ಚಿಟಿಕೆ ಹಾಕಿದರೆ ಸಾಕು ಅಂತ ಲೆಕ್ಕ ಹಾಕಿ ದೊಡ್ಡದನ್ನೇ ಕೊಂಡಿದ್ದೆ. ಚಿಟಿಕೆ ಹಾಕಿದರೆ ಸಾಕು ಅನ್ನುವುದು ನಿಜವೇ. ಅದಕ್ಕೇ ಪೊಟ್ಟಣ ಮುಗಿಯುತ್ತಲೇ ಇಲ್ಲ.

ಬವೇರಿಯನ್ ಕ್ರೀಮ್ ಅಂದರೆ ಗೊತ್ತಲ್ವಾ? ಹಾಲು, ಮೊಟ್ಟೆಯ ಹಳದಿ, ಸಕ್ಕರೆ ಸೇರಿಸಿ ಕಾಯಿಸಿದ ತೆಳು ಕಸ್ಟರ್ಡ್. ಅದು ಗಟ್ಟಿಯಾಗಲು ಜೆಲಾಟಿನ್, ಅಗರ್ ಥರದ್ದು ಏನಾದರೊಂದು. ಆಮೇಲೆ ಅಷ್ಟೇ ಪ್ರಮಾಣದ ವಿಪ್ ಮಾಡಿದ ಕ್ರೀಮ್. ಅಚ್ಚಿಗೆ ಸುರಿದು ಫ್ರಿಜ್‌ನಲ್ಲಿಟ್ಟರೆ ಮಾರನೇ ದಿನ ತಟ್ಟೆಗೆ ಮಗುಚಬಹುದು. ಹೆಸರು ಬವೇರಿಯಾದ್ದಾದರೂ ಹೆಸರು ಮಾಡಿದ್ದು ಫ್ರೆಂಚರ ಅಡುಗೆಮನೆಯಲ್ಲಿ. 19ನೇ ಶತಮಾನದ ಆರಂಭದಲ್ಲಿ ಅಲ್ಲಿನ ಹೆಸರಾಂತ ಬಾಣಸಿಗ ಅಂತೋನಿನ್ ಕರೇಮ್ ಇದನ್ನು ಬವೇರಿಯದ ಚೀಸ್ ಅನ್ನುವ ಅರ್ಥದ ಹೆಸರಿನಲ್ಲಿ ಕರೆದಿದ್ದ. ಚೀಸ್ ಒಂದು ಚೂರೂ ಇಲ್ಲ, ಅದು ಬೇರೆ ಮಾತು. ಆಗಿನವರು ಗಟ್ಟಿ ಮಾಡಲು ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್‌ಲಾಸ್ ಹಾಕುತ್ತಿದ್ದರು. ಅದನ್ನು ನಾನು ಮುಟ್ಟಿಲ್ಲ, ಮುಟ್ಟುವ ಆಸೆಯೂ ಇಲ್ಲ.

ನಾನು ಪ್ರತಿ ಸಲ ತೆಗೆದುಕೊಂಡ ಅಳತೆ ಒಂದೇ. 250 ಮಿಲಿ ಹಾಲು, 4 ಹಳದಿ, 60 ಗ್ರಾಂ ಸಕ್ಕರೆ, 250 ಮಿಲಿ ಕ್ರೀಮ್, ಸ್ವಲ್ಪ ವೆನಿಲ್ಲಾ. ಕ್ರೀಮ್‌ನಲ್ಲಿ ಕೊಬ್ಬು 30 ಶೇಕಡಕ್ಕಿಂತ ಕಡಿಮೆ ಇದ್ದರೆ ಎಷ್ಟು ಬೀಟ್ ಮಾಡಿದರೂ ನಿಲ್ಲುವುದಿಲ್ಲ. ಹಾಗಾಗಿ 35 ಶೇಕಡದ್ದನ್ನೇ ತಂದೆ. ಕಸ್ಟರ್ಡನ್ನು 82–84 ಡಿಗ್ರಿವರೆಗೆ ಮಾತ್ರ ಕಾಯಿಸಬೇಕು. ಸೌಟಿನ ಬೆನ್ನಿಗೆ ಅಂಟಿದ ಕಸ್ಟರ್ಡ್ ಮೇಲೆ ಬೆರಳಿಂದ ಗೆರೆ ಎಳೆದರೆ ಗೆರೆ ಹಾಗೇ ನಿಲ್ಲಬೇಕು, ಅಷ್ಟೇ ಹದ. ಕುದಿ ಬಂತೋ, ಹಳದಿ ಒಡೆದು ಗಂಟು ಗಂಟಾಗುತ್ತದೆ.

ಈ 'ಕುದಿ ಬರಬಾರದು' ಅನ್ನುವುದನ್ನು ನೆನಪಿಟ್ಟುಕೊಳ್ಳಿ. ಅಗರ್ ಅಗರ್ ಜತೆ ನನ್ನ ಜಗಳ ಶುರುವಾಗಿದ್ದು ಅಲ್ಲಿಂದಲೇ.

ಅಗರ್ ಅಗರ್ ಅಂದರೆ ಕೆಂಪು ಕಡಲಪಾಚಿಯಿಂದ ತೆಗೆದದ್ದು, ನಮ್ಮಲ್ಲಿ ಚೈನಾ ಗ್ರಾಸ್ ಅನ್ನುತ್ತೇವಲ್ಲ, ಅದೇ. ಅದು ಬಿಸಿನೀರಿನಲ್ಲಿ ಸುಮ್ನೆ ಕರಗುವ ಜಾತಿಯಲ್ಲ. ಎರಡು ಮೂರು ನಿಮಿಷ ಚೆನ್ನಾಗಿ ಕುದಿಯಲೇಬೇಕು. ಕಸ್ಟರ್ಡ್ ಕುದಿಯಬಾರದು, ಅಗರ್ ಕುದಿಯದೆ ಬಿಡದು. ಸರಿ, ಹಾಲಿನಲ್ಲಿ ಕಾಲು ಭಾಗ ತೆಗೆದು ಬೇರೆ ಪಾತ್ರೆಯಲ್ಲಿ 3 ಗ್ರಾಂ ಅಗರ್ ಹಾಕಿ ಕುದಿಸಿದೆ. ಅದನ್ನು ಬಿಸಿ ಕಸ್ಟರ್ಡ್‌ಗೆ ಬೆರೆಸಿದೆ. ಇಲ್ಲಿಯವರೆಗೆ ಏನೂ ತೊಂದರೆಯಿಲ್ಲ, ಒಂದು ಪಾತ್ರೆ ಜಾಸ್ತಿ ತೊಳೆಯಬೇಕು ಅನ್ನುವುದು ಬಿಟ್ಟರೆ.

ಮುಂದಿನ ಹೆಜ್ಜೆ, ಕಸ್ಟರ್ಡ್ ಆರಿಸಿ ಕ್ರೀಮ್ ಬೆರೆಸುವುದು. ಜೆಲಾಟಿನ್ ಹಾಕಿದ್ದಾಗ 22–25 ಡಿಗ್ರಿಗೆ ಇಳಿಯುವವರೆಗೆ ಕಾಯುವ ಅಭ್ಯಾಸ ನನಗೆ. ಇದಕ್ಕೂ ಹಾಗೇ ಕಾದೆ. ಹತ್ತು ನಿಮಿಷ ಫೋನಿನಲ್ಲಿ ಮಾತಾಡಿ ಬಂದು ನೋಡಿದರೆ ಪಾತ್ರೆಯಲ್ಲಿ ಕಸ್ಟರ್ಡ್ ಇಲ್ಲ, ಚಾಕು ಹಾಕಿ ಕೊಯ್ಯುವಂಥ ಹಳದಿ ಬಿಲ್ಲೆ ಇದೆ. ಅಗರ್ 35–40 ಡಿಗ್ರಿಯಲ್ಲೇ ಗಟ್ಟಿಯಾಗುತ್ತದೆ. ಫ್ರಿಜ್ ಬೇಕಿಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ. ಅದನ್ನು ಮತ್ತೆ ಕರಗಿಸೋಣ ಅಂದರೆ 85 ಡಿಗ್ರಿ ದಾಟಬೇಕು. ಅಷ್ಟರಲ್ಲಿ ಮೊಟ್ಟೆ ಒಡೆದಿರುತ್ತದೆ. ಆ ಬಿಲ್ಲೆಯನ್ನು ಹಾಗೇ ತಿಂದು ಮುಗಿಸಿದೆವು.

ಎರಡನೇ ಸಲ ಜಾಣತನ ಮಾಡಿದೆ. ಕಸ್ಟರ್ಡ್ 45 ಡಿಗ್ರಿ ಇರುವಾಗಲೇ ಕ್ರೀಮ್ ಬೆರೆಸಿಬಿಡೋಣ, ಗಟ್ಟಿಯಾಗಲು ಸಮಯವೇ ಕೊಡಬಾರದು ಅಂತ. ಕ್ರೀಮ್ ಫ್ರಿಜ್‌ನಿಂದ ಆಗಷ್ಟೇ ತೆಗೆದದ್ದು, 5 ಡಿಗ್ರಿ ಇದ್ದಿರಬೇಕು. 45ರ ಕಸ್ಟರ್ಡ್‌ಗೆ 5ರ ಕ್ರೀಮ್ ಸಮ ಸಮ ಸೇರಿದರೆ ಎಷ್ಟಾಗುತ್ತದೆ? ಲೆಕ್ಕ ಆಗ ಹೊಳೆಯಲಿಲ್ಲ. ಕ್ರೀಮ್ ತಾಗಿದ ಕಡೆಯೆಲ್ಲ ಕಸ್ಟರ್ಡ್ ಆ ಕ್ಷಣವೇ ಗಟ್ಟಿಯಾಯಿತು. ಚಮಚ ಎತ್ತಿದರೆ ಬಿಳಿಯ ನಡುವೆ ಹಳದಿ ಎಳೆಗಳು ನೇತಾಡುತ್ತಿದ್ದವು. ತಂಗಿ ಒಂದು ತುತ್ತು ಬಾಯಿಗಿಟ್ಟು, "ಅಕ್ಕಾ, ಇದರಲ್ಲಿ ಏನೋ ದಾರ ಸಿಗ್ತಿದೆ" ಅಂದಳು. ಪಾಪ, ನಿಜವಾಗಿಯೂ ದಾರ ಅಂತಲೇ ಅಂದುಕೊಂಡು ಬೆರಳು ಹಾಕಿ ತೆಗೆಯಲು ನೋಡಿದಳು.

ಮೂರನೇ ಸಲ ಇನ್ನೂ ಬಿಸಿ ಇರುವಾಗ, 60ರ ಹತ್ತಿರ, ಬೆರೆಸಿದೆ. ಎಳೆ ಬರಲಿಲ್ಲ. ಆದರೆ ಕ್ರೀಮ್ ಕರಗಿ ನೀರಾಯಿತು. ಅರ್ಧ ಗಂಟೆ ಕೈ ಸೋಲುವ ಹಾಗೆ ಬೀಟ್ ಮಾಡಿ ತುಂಬಿದ ಗಾಳಿಯೆಲ್ಲ ಪುಸ್ಸಂತ ಹೋಯಿತು. ಅಚ್ಚಿನಿಂದ ತೆಗೆದಾಗ ಕೆಳಗೊಂದು ಪದರ, ಮೇಲೊಂದು ಪದರ. ನೋಡಲು ಬೇಕಂತಲೇ ಮಾಡಿದ ಹಾಗಿತ್ತು. ಬಂದವರಿಗೆ ಹಾಗೇ ಹೇಳಿದೆ ಕೂಡ.

ನಾಲ್ಕನೆಯದು ಮಾತ್ರ ದಾರಿಗೆ ಬಂತು. ಕ್ರೀಮನ್ನು ತಣ್ಣಗಿರುವಾಗಲೇ ವಿಪ್ ಮಾಡಿ, ಇಪ್ಪತ್ತು ನಿಮಿಷ ಹೊರಗಿಟ್ಟು ಚಳಿ ಬಿಡಿಸಿದೆ. ಕಸ್ಟರ್ಡ್ ಪಾತ್ರೆಯನ್ನು ಬಿಸಿನೀರಿನ ಪಾತ್ರೆಯೊಳಗೆ ಕೂರಿಸಿ 50 ಡಿಗ್ರಿಯಲ್ಲಿ ಹಿಡಿದಿಟ್ಟೆ. ಕ್ರೀಮ್‌ನಲ್ಲಿ ಒಂದು ಸೌಟು ಮಾತ್ರ ಮೊದಲು ಹಾಕಿ ಬಿರುಸಾಗಿ ಕಲಸಿದೆ, ಉಳಿದದ್ದನ್ನು ಆಮೇಲೆ ಕೆಳಗಿಂದ ಮೇಲಕ್ಕೆ ಎತ್ತಿ ಎತ್ತಿ ಬೆರೆಸಿದೆ. ತಡಮಾಡದೆ ಅಚ್ಚಿಗೆ ಸುರಿದೆ. ಎಳೆಯಿಲ್ಲ, ಪದರವಿಲ್ಲ. ಥರ್ಮಾಮೀಟರ್ ಒಂದು ಕೈಯಲ್ಲಿ, ಸೌಟು ಇನ್ನೊಂದು ಕೈಯಲ್ಲಿ, ಕಣ್ಣು ಗಡಿಯಾರದ ಮೇಲೆ. ಸಿಹಿ ತಿನ್ನಲು ಇಷ್ಟು ಹೆದರಬೇಕಾ?

ಇಷ್ಟಾಗಿಯೂ ಬಾಯಿಗಿಟ್ಟರೆ ಅದು ಬವೇರಿಯನ್ ಅನ್ನಿಸಲಿಲ್ಲ. ಹಲ್ಲಿಗೆ ಸಿಕ್ಕಿ ಪಟ್ ಅಂತ ಮುರಿಯಿತು, ಕರಗಲಿಲ್ಲ. ಮಾರನೇ ದಿನ ತಟ್ಟೆಯ ಸುತ್ತ ನೀರು ಬಿಟ್ಟುಕೊಂಡಿತ್ತು.

ಯಾಕೆ ಅನ್ನುವುದಕ್ಕೆ ಒಂದು ಹಳೆಯ ಕತೆ ನನಗೆ ಬಹಳ ಇಷ್ಟ. 1881ರ ಸುಮಾರಿಗೆ ಜರ್ಮನಿಯಲ್ಲಿ ವಾಲ್ಟರ್ ಹೆಸ್ಸೆ ಅನ್ನುವ ವೈದ್ಯ ಬ್ಯಾಕ್ಟೀರಿಯಾ ಬೆಳೆಸಲು ಜೆಲಾಟಿನ್ ಬಳಸುತ್ತಿದ್ದ. ಬೇಸಿಗೆಯಲ್ಲಿ ಜೆಲಾಟಿನ್ ಕರಗಿ ಎಲ್ಲ ಹಾಳಾಗುತ್ತಿತ್ತು. ಆತನ ಹೆಂಡತಿ ಫ್ಯಾನಿ, ತಾನು ಜೆಲ್ಲಿ, ಪುಡ್ಡಿಂಗ್ ಮಾಡಲು ಬಳಸುವ ಅಗರ್ ಹಾಕಿ ನೋಡು ಅಂದಳು. ಜಾವಾದಲ್ಲಿದ್ದು ಬಂದ ಪರಿಚಯದವರಿಂದ ಅವಳು ಅದನ್ನು ಕಲಿತಿದ್ದಳು. ವಿಷಯ ಬ್ಯಾಕ್ಟೀರಿಯಾ ವಿಜ್ಞಾನಿ ರಾಬರ್ಟ್ ಕೋಖ್ ಕಿವಿಗೆ ಬಿತ್ತು, ಪ್ರಯೋಗಾಲಯಗಳು ಇವತ್ತಿಗೂ ಅಗರ್ ಬಿಟ್ಟಿಲ್ಲ. 37 ಡಿಗ್ರಿ ಶಾಖದಲ್ಲಿ ಇಟ್ಟರೂ ಅದು ಅಲುಗುವುದಿಲ್ಲ. ನಮ್ಮ ಬಾಯಿಯ ಶಾಖವೂ ಹೆಚ್ಚುಕಡಿಮೆ ಅಷ್ಟೇ ತಾನೇ? ಜೆಲಾಟಿನ್ 30–35 ಡಿಗ್ರಿಯಲ್ಲಿ ಸೋಲುತ್ತದೆ, ನಾಲಿಗೆ ಮೇಲೆ ಕೂತ ಕೂಡಲೇ ಬಿಟ್ಟುಕೊಡುತ್ತದೆ. ಬವೇರಿಯನ್ ತಿನ್ನುವ ಸುಖವೆಲ್ಲ ಆ ಬಿಟ್ಟುಕೊಡುವುದರಲ್ಲೇ ಇದೆ.

ಜೆಲಾಟಿನ್ ಪುಡಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಚೆನ್ನಾಗಿದೆ, ಅಗ್ಗ, ಸುಲಭವಾಗಿ ಸಿಗುತ್ತದೆ. ತಣ್ಣೀರಿನ ಮೇಲೆ ಪುಡಿ ಉದುರಿಸಬೇಕು, ಪುಡಿಯ ಗುಡ್ಡೆಯ ಮೇಲೆ ನೀರು ಸುರಿಯಬಾರದು. ಸುರಿದರೆ ಹೊರಗೆ ಲೋಳೆ, ಒಳಗೆ ಒಣ ಪುಡಿ. ನನ್ನ ತಕರಾರು ಒಂದೇ, 8 ಗ್ರಾಂ ತೂಗಬೇಕು. ನನ್ನ ತಕ್ಕಡಿ ಐದೈದು ಗ್ರಾಂ ಲೆಕ್ಕದಲ್ಲಿ ಜಿಗಿಯುತ್ತದೆ. ಚಮಚದಲ್ಲಿ ಅಳೆದ ದಿನ ಒಂದು ಸಲ ರಬ್ಬರ್ ಚೆಂಡಾಯಿತು. ತಟ್ಟೆಗೆ ಬಿದ್ದು ಒಂದು ಸಣ್ಣ ಕುಣಿತ ಕುಣಿಯಿತು.

ಹಾಳೆ ನನಗೆ ಒಗ್ಗಿದ್ದು ಇದೇ ಕಾರಣಕ್ಕೆ. ಎಣಿಸಿದರೆ ಸಾಕು. ನಾಲ್ಕು ಹಾಳೆ, ಮುಗೀತು. ಹಾಳೆಗಳಲ್ಲಿ ಬ್ರಾನ್ಜ್, ಸಿಲ್ವರ್, ಗೋಲ್ಡ್, ಪ್ಲಾಟಿನಮ್ ಅಂತ ದರ್ಜೆಗಳಿವೆ. ಶಕ್ತಿ ಜಾಸ್ತಿ ಇರುವ ಹಾಳೆಯ ತೂಕ ಕಡಿಮೆ ಇರುತ್ತದೆ, ಹಾಗಾಗಿ ಯಾವುದೇ ದರ್ಜೆಯದಾದರೂ ಒಂದು ಹಾಳೆಯ ಕೆಲಸ ಸುಮಾರಾಗಿ ಒಂದೇ. ನಾನು ಬಳಸುವ ಗೋಲ್ಡ್ ಹಾಳೆ 2 ಗ್ರಾಂನದು. ಮೂರು ಹಾಕಿದರೆ ಬಟ್ಟಲಲ್ಲೇ ತಿನ್ನಲು ಚೆಂದ, ಮಗುಚಲು ಹೋದರೆ ಸೊಂಟ ಕುಸಿಯುತ್ತದೆ. ಅಚ್ಚಿಗೆ ನಾಲ್ಕೇ ಬೇಕು.

ಹಾಳೆಯೂ ಒಂದು ಸಲ ಕೈಕೊಟ್ಟಿದೆ, ಮುಚ್ಚಿಡುವುದಿಲ್ಲ. ತಣ್ಣೀರಿನಲ್ಲಿ ಐದು ನಿಮಿಷ ನೆನೆಸಿ, ಹಿಂಡಿ, ಬಿಸಿ ಕಸ್ಟರ್ಡ್‌ಗೆ ಹಾಕಬೇಕು. ಸೆಕೆಯ ದಿನ ನಲ್ಲಿ ನೀರು ಬೆಚ್ಚಗಿತ್ತು, ನಾನು ನೋಡಲಿಲ್ಲ. ನೆನೆಹಾಕಿದ್ದು ನಾಲ್ಕು ಹಾಳೆ. ಕೈ ಹಾಕಿದರೆ ಸಿಕ್ಕಿದ್ದು ಎರಡೂವರೆ. ಉಳಿದದ್ದು ನೀರಿಗೆ ಸೇರಿತ್ತು. ಈಗ ನೆನೆಸುವ ನೀರಿಗೆ ಎರಡು ಐಸ್ ತುಂಡು ಹಾಕುತ್ತೇನೆ. ಇನ್ನೊಂದು ಮಾತು, ಹಸಿ ಅನಾನಸ್, ಪರಂಗಿ, ಕಿವಿ ಹಣ್ಣಿನ ರಸ ಹಾಕಿದರೆ ಜೆಲಾಟಿನ್ ಹಾಳೆಯೂ ನಿಲ್ಲದು, ಪುಡಿಯೂ ನಿಲ್ಲದು. ಅವುಗಳಲ್ಲಿರುವ ಕಿಣ್ವ ಜೆಲಾಟಿನ್ನನ್ನು ಕತ್ತರಿಸಿಹಾಕುತ್ತದೆ. ಹಣ್ಣನ್ನು ಬೇಯಿಸಿ ಹಾಕಿದರೆ ಸರಿ. ಈ ವಿಷಯದಲ್ಲಿ ಅಗರ್ ಗಟ್ಟಿಗ, ಈ ಕಿಣ್ವಗಳಿಗೆ ಜಗ್ಗುವುದಿಲ್ಲ.

ಅಚ್ಚು ಲೋಹದ್ದೇ ಇರಲಿ. ಸಿಲಿಕೋನ್ ಅಚ್ಚಿನಿಂದ ತೆಗೆಯಬೇಕಾದರೆ ಫ್ರೀಜರ್‌ನಲ್ಲಿಟ್ಟು ಕಲ್ಲು ಮಾಡಿಕೊಳ್ಳಬೇಕು, ನನಗೆ ಅಷ್ಟು ತಾಳ್ಮೆಯಿಲ್ಲ.

ಮಗುಚುವ ಹೊತ್ತಿನ ಖುಷಿಯೇ ಬೇರೆ. ರಾತ್ರಿಯಿಡೀ ಫ್ರಿಜ್‌ನಲ್ಲಿದ್ದ ಅಚ್ಚನ್ನು ಬಿಸಿನೀರಿನಲ್ಲಿ ಕಂಠದವರೆಗೆ ಮುಳುಗಿಸಿ ಏಳು ಎಣಿಸುತ್ತೇನೆ. ಹತ್ತು ದಾಟಿದರೆ ಅಂಚು ಕರಗುತ್ತದೆ. ಅಂಚನ್ನು ಬೆರಳ ತುದಿಯಿಂದ ಒಳಗೆ ಒತ್ತಿದರೆ ಒಂದು ಕಡೆ ಸಣ್ಣ ಸೀಳು ಬಿಟ್ಟು ಗಾಳಿ ಒಳಗೆ ಹೋಗುತ್ತದೆ. ತಟ್ಟೆಯನ್ನು ಒದ್ದೆ ಮಾಡಿಟ್ಟುಕೊಂಡಿರಬೇಕು, ಓರೆಯಾಗಿ ಬಿದ್ದರೂ ಮೆಲ್ಲಗೆ ಜಾರಿಸಿ ನಡುವಿಗೆ ತರಬಹುದು. ತಟ್ಟೆ ಮುಚ್ಚಿ, ತಿರುವಿ, ಒಂದು ಸಲ ಕುಲುಕಿದರೆ ಒಳಗಿನಿಂದ ಯಾರೋ ಉಸಿರು ಬಿಟ್ಟ ಹಾಗೆ 'ಫ್ಲಪ್' ಅಂತ ಸದ್ದು. ಅಚ್ಚು ಎತ್ತಿದರೆ ಗೆರೆ ಗೆರೆಯೂ ಮೂಡಿರುತ್ತದೆ, ಇಡೀ ಗುಡ್ಡ ಒಂದು ಕ್ಷಣ ನಡುಗಿ ನಿಲ್ಲುತ್ತದೆ. ಅಗರ್ ಹಾಕಿದ್ದು ನಡುಗುವುದಿಲ್ಲ. ಬೊಂಬೆಯ ಹಾಗೆ ನಿಂತಿರುತ್ತದೆ.

ಹಾಳೆ ದುಬಾರಿ ಅನ್ನುವುದು ಒಪ್ಪುವ ಮಾತೇ. ಪುಡಿಗಿಂತ ಜಾಸ್ತಿ ಕೊಡಬೇಕು. ನಾನು ಇದನ್ನು ಮಾಡುವುದು ತಿಂಗಳಿಗೊಂದು ಸಲ, ಕೆಲಸ ಮುಗಿಸಿ ಬಂದು, ರಾತ್ರಿ ಒಂಬತ್ತರ ಮೇಲೆ. ಆ ಹೊತ್ತಿನಲ್ಲಿ ತೂಗುವ, ಅಳೆಯುವ ತಲೆ ಇರುವುದಿಲ್ಲ. ನಾಲ್ಕು ಎಣಿಸುವಷ್ಟು ಇರುತ್ತದೆ. ವಾರವಾರ ಮಾಡುವವರು, ಒಳ್ಳೆಯ ತಕ್ಕಡಿ ಇರುವವರು ಪುಡಿಯನ್ನೇ ತಂದುಕೊಳ್ಳಿ, ತಿನ್ನುವವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಸೆಕೆಯಲ್ಲಿ, ಬಯಲಲ್ಲಿ, ಎರಡು ಗಂಟೆ ಮೇಜಿನ ಮೇಲೆ ನಿಲ್ಲಬೇಕು ಅಂದರೆ ಅಗರ್ ಬಿಟ್ಟು ಬೇರೆ ದಾರಿಯಿಲ್ಲ.

ಮತ್ತೆ, ಜೆಲಾಟಿನ್ ತಿನ್ನದವರಿದ್ದಾರೆ. ಅದು ದನದ, ಹಂದಿಯ ಮೂಳೆ ಚರ್ಮದಿಂದ ಬಂದದ್ದು, ತಿನ್ನಿ ಅಂತ ಒತ್ತಾಯಿಸುವ ಹಾಗಿಲ್ಲ. ಅಂಥ ಗೆಳತಿಯೊಬ್ಬಳು ಬಂದಾಗ ಕಸ್ಟರ್ಡ್ ಪೌಡರ್ ಬಳಸಿದೆ. ಮೊಟ್ಟೆ ಆಗದ ಹೆಂಡತಿಗೋಸ್ಕರ ಆಲ್ಫ್ರೆಡ್ ಬರ್ಡ್ 1837ರಲ್ಲಿ ಕಂಡುಹಿಡಿದ ಪುಡಿ ಅದು, ಒಳಗಿರುವುದು ಮೆಕ್ಕೆಜೋಳದ ಪಿಷ್ಟ. ಪಿಷ್ಟಕ್ಕೆ ಕುದಿಯ ಭಯವಿಲ್ಲ. ಅಗರ್, ಹಾಲು, ಸಕ್ಕರೆ, ಪೌಡರ್ ಎಲ್ಲ ಒಂದೇ ಪಾತ್ರೆಯಲ್ಲಿ ಕುದಿಸಿದೆ, ಅಗರ್ ಮೂರರ ಬದಲು ಎರಡೇ ಗ್ರಾಂ. ಪಿಷ್ಟ ಇದ್ದದ್ದರಿಂದ ಮುರಿಯುವ ಗುಣ ಕಡಿಮೆಯಾಗಿ ಸ್ವಲ್ಪ ಮೆತ್ತಗೆ ಬಂತು, ನೀರೂ ಬಿಡಲಿಲ್ಲ. ಕ್ರೀಮ್ ಬೆರೆಸುವಾಗಿನ ಓಟ ಮಾತ್ರ ತಪ್ಪಲಿಲ್ಲ.

ಅವಳು ಎರಡು ಸಲ ಹಾಕಿಸಿಕೊಂಡಳು. ಮುಂದಿನ ತಿಂಗಳು ಮತ್ತೆ ಬರುತ್ತಾಳಂತೆ. ಪೊಟ್ಟಣದಲ್ಲಿ ಇನ್ನೂ ಮುಕ್ಕಾಲು ಭಾಗ ಇದೆ.